ತುಕ್ಕು ಹಿಡಿಯದ ದೋಣಿ

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂಬ ಮಾತನ್ನು ದೇವೀರಪ್ಪ ಆ ಒಂದು ವರ್ಷದಲ್ಲಿ ಎಷ್ಟು ಸಲ ಹೇಳಿದನೋ ಅವನಿಗೇ ಗೊತ್ತಿಲ್ಲ. ಹಾಲಿನ ಡೇರಿಯ ಜಗಲಿಯಲ್ಲಿ ಹೇಳಿದ, ಆಲೂರಿನ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ, ಯಾರೂ ಸಿಗದಿದ್ದರೆ ಹೆಂಡತಿ ಶಿವಲೀಲಾಗೆ ಹೇಳಿದ. ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು ಅವನು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ನೀರೆತ್ತುವ ಪಂಪು, ಔಷಧಿ ಹೊಡೆಯುವ ಮಿಷನ್ನು ಎಲ್ಲವೂ ಅವನ ಕೈಯಲ್ಲೇ ಬಿಚ್ಚಿ ಅವನ ಕೈಯಲ್ಲೇ ಕೂಡಿಕೊಳ್ಳಬೇಕಿತ್ತು. ಅಂಥವನು ಲೋಹದ ಬಗ್ಗೆ ಒಂದು ಮಾತು ಹೇಳಿದರೆ ಎದುರಾಡುವವರು ಯಾರು? ತಿಳಿಯದವನ ತಪ್ಪನ್ನು ಯಾರಾದರೂ ತಿದ್ದುತ್ತಾರೆ. ತಿಳಿದವನ ತಪ್ಪನ್ನು ತಿದ್ದುವವರಿಲ್ಲ. ಅದು ತನ್ನ ಪಾಡಿಗೆ ತಾನು ಬೆಳೆಯುತ್ತಾ ಹೋಗುತ್ತದೆ.

ದೋಣಿ ಎಸ್ಟೇಟಿನದು. ಹಿಂದಿನ ಯಜಮಾನರು ಎಸ್ಟೇಟಿನ ಕೆರೆಯಲ್ಲಿ ಸುತ್ತಾಡಲೆಂದು ತರಿಸಿದ್ದು. ಅವರು ತೀರಿಕೊಂಡ ಮೇಲೆ ಸ್ಟೋರಿನ ಹಿಂದೆ ಮಗುಚಿ ಬಿದ್ದು, ಕೂಲಿ ಲೈನುಮನೆಗಳ ಕೋಳಿಗಳು ಮೊಟ್ಟೆ ಇಡುವ ಜಾಗವಾಗಿತ್ತು. ಕೆಲಸದಿಂದ ಬಿಡುಗಡೆಯಾದ ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, "ಏನಾದ್ರೂ ಬೇಕಾ ದೇವೀರಪ್ಪ?" ಎಂದು ಕೇಳಿದ್ದಕ್ಕೆ ಅವನು ಗಡಿಯಾರ ಕೇಳಲಿಲ್ಲ, ಶಾಲು ಕೇಳಲಿಲ್ಲ, ಆ ದೋಣಿಯನ್ನು ಕೇಳಿದ. ೧೯೯೮ರ ದೀಪಾವಳಿಗೆ ಎರಡು ದಿನ ಮುಂಚೆ ಅದು ಟ್ರಾಕ್ಟರಿನ ಮೇಲೆ ಆಲೂರು ಸೀಮೆಯ ಅವನ ಊರಿಗೆ ಬಂತು. ಜನ ಮದುವೆ ದಿಬ್ಬಣ ನೋಡುವ ಹಾಗೆ ಬಾಗಿಲಿಗೆ ಬಂದು ನಿಂತು ನೋಡಿದರು, ಆಮೇಲೆ ಒಳಗೆ ಹೋಗಿ ನಕ್ಕರು.

ನಗುವುದಕ್ಕೆ ಅವರಿಗೆ ಕಾರಣವಿತ್ತು, ತರುವುದಕ್ಕೆ ಇವನಿಗೂ ಕಾರಣವಿತ್ತು. ಇವನ ಕಾರಣ ಒಳಮನೆಯಲ್ಲಿ ಕಂಬಳಿ ಹೊದ್ದು ಕೂತಿತ್ತು. ಅದು ಅವನ ಅಕ್ಕ ಜಗದಾಂಬ.

ತಾಯಿ ಹೋದಾಗ ದೇವೀರಪ್ಪನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಆವತ್ತಿನಿಂದ ಅವನಿಗೆ ಅನ್ನ ಕಲಸಿ ಕೊಟ್ಟ ಕೈ ಅವಳದೇ. ಊರಲ್ಲೇ ಮದುವೆಯಾದಳು. ಹೆಣ್ಣು ಮಗುವೊಂದು ಹುಟ್ಟಿ ಒಂಬತ್ತು ತಿಂಗಳಿಗೆ ಹೋಯಿತು, ಮಗುವಿನ ಹಿಂದೆಯೇ ಎರಡು ವರ್ಷಕ್ಕೆ ಗಂಡನೂ ಹೋದ. ಇವರದು ಲಿಂಗ ಕಟ್ಟುವ ಮನೆತನ. ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಹಾಗೆ ಇಬ್ಬರನ್ನೂ ಹೊಲದ ಎತ್ತರದ ದಿಬ್ಬದಲ್ಲಿ ಅಕ್ಕಪಕ್ಕ ಮಣ್ಣು ಮಾಡಿ, ತಲೆಗೊಂದು ಕಲ್ಲು ನಿಲ್ಲಿಸಿದ್ದರು. ಆಮೇಲೆ ಹೇಮಾವತಿಗೆ ಅಣೆಕಟ್ಟು ಬಂತು. ಹಿನ್ನೀರು ಹಳೇ ಊರನ್ನು ನುಂಗಿತು, ಜನ ಮೇಲಿನ ಜಾಗಕ್ಕೆ ಬಂದರು. ದಿಬ್ಬವೊಂದು ಮಾತ್ರ ಮುಳುಗಲಿಲ್ಲ. ಮಳೆಗಾಲದಿಂದ ಮಾಘದವರೆಗೆ ಸುತ್ತ ನೀರು ನಿಂತು ಅದು ನಡುಗಡ್ಡೆ. ಬೇಸಿಗೆಗೆ ನೀರು ಇಳಿದರೆ ಒಡೆದ ಕೆಸರಿನ ಮೇಲೆ ಒಂದು ಮೈಲಿ ನಡೆದು ಹೋಗಬಹುದು. ಜಗದಾಂಬ ಪ್ರತಿ ವರ್ಷ ಯುಗಾದಿಯ ಮುಂಚೆ ಹೋಗಿ, ಎರಡೂ ಕಲ್ಲಿಗೆ ವಿಭೂತಿ ಹಚ್ಚಿ, ಹೂವಿಟ್ಟು ಬರುತ್ತಿದ್ದಳು. ಮೊದಲು ಮಂಡಿ ಸೋತಿತು, ಆಮೇಲೆ ಎದೆ. ಹೃದಯ ಹಿಗ್ಗಿದೆ ಎಂದರು ಹಾಸನದ ಡಾಕ್ಟರು. ಎರಡು ಬೇಸಿಗೆಯಿಂದ ಅವಳು ದಿಬ್ಬದ ಮುಖ ನೋಡಿರಲಿಲ್ಲ.

"ಸಾವು ಕೊಟ್ರೆ ಬೇಸ್ಗೇಲಿ ಕೊಡಪ್ಪ ಅಂತ ಶಿವನ್ನ ಕೇಳ್ಕಂಡಿದೀನಿ ಕಣೋ ದೇವೀರ" ಎನ್ನುತ್ತಿದ್ದಳು. "ಎತ್ಕಂಡು ನಡೀಬೋದು. ಮಳೇಲಿ ಹೋದ್ರೆ ನಿಂಗೇ ತಾಪತ್ರಯ. ಆದ್ರೆ ಎಲ್ಲಿ ಸತ್ರೂ ಅವರಿಬ್ರ ಮಗ್ಗುಲಿಗೇ ಹಾಕ್ಬೇಕು. ಇನ್ನೇನೂ ಕೇಳಲ್ಲ ನಿನ್ನ."

"ಹಾಕ್ತೀನಿ" ಎಂದು ದೇವೀರಪ್ಪ ಮಾತು ಕೊಟ್ಟಿದ್ದ. ಕೊಟ್ಟ ಮಾತಿಗಾಗಿಯೇ ಈ ದೋಣಿ.

ಹಾಗಾದರೆ ಊರಲ್ಲಿ ಬೇರೆ ದೋಣಿಯೇ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಹಿನ್ನೀರಲ್ಲಿ ಮೀನು ಹಿಡಿಯುವ ಬೋರಯ್ಯನ ತೆಪ್ಪವಿತ್ತು. ಬಿದಿರಿನ ದುಂಡು ಬುಟ್ಟಿಗೆ ಟಾರ್ ಬಳಿದದ್ದು, ನಾಲ್ಕು ಜನರನ್ನು ಹೊರುತ್ತಿತ್ತು. ಆದರೆ ಅದಕ್ಕೆ ಮೀನಿನ ನಾತ. ಲಿಂಗ ಕಟ್ಟಿದ ಮೈಯನ್ನು, ನಾಳೆ ವಿಭೂತಿ ಬಳಿದು, ಹೆಣ ಹೊರುವ ವಿಮಾನದಲ್ಲಿ ಕೂರಿಸಿ ಹೊರಡಿಸಬೇಕಾದ ಅಕ್ಕನನ್ನು, ಮೀನಿನ ಪೊರೆ ಅಂಟಿದ ತೆಪ್ಪದಲ್ಲಿ ಹಾಕುವುದೇ? ನೆಂಟರು ಉಗಿಯುತ್ತಾರೆ ಎನ್ನುವುದು ಒಂದು ಕಡೆ ಇರಲಿ, ದೇವೀರಪ್ಪನಿಗೇ ಅದು ಒಗ್ಗದ ಮಾತು.

ಅಕ್ಕನಿಗೆ ಒಗ್ಗುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅವನು ಅಂಗಳದಲ್ಲಿ ದೋಣಿಯ ತಳ ಉಜ್ಜುತ್ತಿದ್ದಾಗ, ಅವಳು ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಒಂದ್ಸಲ ದಿಬ್ಬ ನೋಡ್ಬೇಕು ಅನ್ನಿಸ್ತೈತೆ ಕಣೋ. ಬೋರಯ್ಯಂಗೆ ಹೇಳು. ತೆಪ್ಪದಾಗೆ ಕರ್ಕಂಡೋಗಿ ಕರ್ಕಂಬರ್ತಾನೆ."

"ಮೀನಿನ ತೆಪ್ಪದಾಗಾ? ನೀನಾ?"

"ಮೀನು ಇರೋ ನೀರ್ನೇ ಅಲ್ವೇನೋ ಪೈಪಲ್ಲಿ ಬುಟ್ಟು ನಮಗೆ ಕುಡ್ಸೋದು? ಹೊಟ್ಟೆಗಿಲ್ದಿರೋ ಮೈಲಿಗೆ ಕುಂಡಿಗೆ ಯಾಕೆ?"

ದೇವೀರಪ್ಪನಿಗೆ ನಗು ಬಂದರೂ ಬಗ್ಗಲಿಲ್ಲ. "ಸುಮ್ನಿರಕ್ಕ. ಇದೊಂದು ರೆಡಿ ಆಗ್ಲಿ. ರಾಣಿ ಹಂಗೆ ಕೂರಿಸ್ಕಂಡು ಹೋಗ್ತೀನಿ."

ಅವಳು ದೋಣಿಯನ್ನೂ ನೋಡಿದಳು, ಮೊಣಕೈವರೆಗೆ ಉಜ್ಜುವ ಬೂದಿ ಮೆತ್ತಿಕೊಂಡಿದ್ದ ತಮ್ಮನನ್ನೂ ನೋಡಿದಳು. ಎಸ್ಟೇಟ್ ಬಿಟ್ಟು ಬಂದ ಮೊದಲ ತಿಂಗಳು ಅವನು ಕೈಗೆ ಕೆಲಸವಿಲ್ಲದೆ ಬೆಳಿಗ್ಗೆ ಐದಕ್ಕೆದ್ದು ಸುಮ್ಮನೆ ಬಾಗಿಲಲ್ಲಿ ಕೂರುತ್ತಿದ್ದದ್ದು ಅವಳಿಗೆ ನೆನಪಿತ್ತು. "ಸರಿ, ಮಾಡಪ್ಪ" ಎಂದು ಒಳಗೆ ಹೋದಳು.

ಮಾಡಿದ, ನಿಜಕ್ಕೂ ಚೆನ್ನಾಗಿ ಮಾಡಿದ. ದೋಣಿ ಹನ್ನೆರಡು ಅಡಿ ಉದ್ದ. ಮೂತಿಯ ಹತ್ತಿರ ತಗ್ಗು ಬಿದ್ದಿತ್ತು, ತಳದ ಜೋಡಣೆಯಲ್ಲಿ ರಿವೆಟ್ಟುಗಳು ಸಡಿಲಾಗಿದ್ದವು. ಹೊರಗೆ ಮರಳಿನ ಚೀಲ ಒತ್ತಿಟ್ಟು, ಒಳಗಿನಿಂದ ಮರದ ಸುತ್ತಿಗೆಯಲ್ಲಿ ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿ ತಟ್ಟಿ ತಗ್ಗನ್ನು ಎತ್ತಿದ. ಅಲ್ಯೂಮಿನಿಯಂ ರಿವೆಟ್ಟು ಹುಡುಕಿಕೊಂಡು ಸಕಲೇಶಪುರಕ್ಕೆ ಹೋದ. ಅಲ್ಲಿ ಸಿಗದೆ ಹಾಸನಕ್ಕೆ ಹೋಗಿ, ಒಬ್ಬ ಹಳೇ ಸ್ನೇಹಿತನ ಮನೆಯಲ್ಲಿ ಉಳಿದು, ಮೂರನೆಯ ದಿನ ವಾಪಸು ಬಂದ. ಬಂದಾಗ ಮನೆಯಲ್ಲಿ ರಂಪ ನಡೆದಿತ್ತು. ಶಿವಲೀಲಾ ಹಗಲೆಲ್ಲ ತೋಟದಲ್ಲಿ ಕಾಫಿ ಕುಯ್ಲಿನ ಆಳುಗಳ ಜೊತೆ ಇದ್ದಳಂತೆ. ಅಷ್ಟರಲ್ಲಿ ಅಡುಗೆಮನೆಯಿಂದ ಶುಂಠಿ ಜಜ್ಜುವ ಕಲ್ಲು ಕಾಣೆಯಾಗಿತ್ತು. ಕರೀ ಕಲ್ಲು, ಮುಷ್ಟಿಗಿಂತ ಕೊಂಚ ದೊಡ್ಡದು, ದೇವೀರಪ್ಪ ಇನ್ನೂ ಹುಡುಗನಾಗಿದ್ದಾಗ, ಗಂಡ ಹೋದ ಮೇಲೆ ಅಕ್ಕ ತವರಿಗೆ ಬರುವಾಗ ತಂದದ್ದು.

"ಚಿನ್ನ ಅಲ್ಲ, ಬೆಳ್ಳಿ ಅಲ್ಲ. ಕಲ್ಲು ಕದಿಯೋ ಕಳ್ಳ ಯಾವನು ಹೇಳ್ರೀ?" ಎಂದು ಶಿವಲೀಲಾ ಕೇಳಿದಳು. ಅಕ್ಕ ಕಾಲು ಊದಿ, ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಏಪ್ರಿಲ್ ಹೊತ್ತಿಗೆ ದೋಣಿ ಮುಗಿಯಿತು. ಎರಡು ದಿಮ್ಮಿಯ ಮೇಲೆ ಅದನ್ನು ಎತ್ತಿಟ್ಟು, ಒಳಗೆ ತುಂಬ ನೀರು ತುಂಬಿಸಿದ. ದೋಣಿಯನ್ನು ನೀರಿಗೆ ಇಳಿಸದೆ ಪರೀಕ್ಷೆ ಮಾಡುವ ದಾರಿ ಅದೇ: ನೀರು ಒಳಗಿಟ್ಟರೆ ಸೋರುವ ಜಾಗ ಹೊರಗೆ ಕಾಣುತ್ತದೆ. ಸೀಮೆಸುಣ್ಣ ಹಿಡಿದು ತಳದಡಿ ಮಲಗಿ ಒಂದು ಗಂಟೆ ನೋಡಿದ. ಒಂದು ಹನಿ ಇಲ್ಲ. ಆ ದಿನ ಅವನು ಎರಡು ಲೋಟ ಪಾಯಸ ಕುಡಿದ.

ಆಗಲೇ ಅಕ್ಕನನ್ನು ಕೂರಿಸಿಕೊಂಡು ಹೋಗಬಹುದಿತ್ತಲ್ಲ? ಏಪ್ರಿಲ್‌ನಲ್ಲಿ ನೀರೆಲ್ಲಿದೆ? ಹಿನ್ನೀರು ಇಳಿದು ದಿಬ್ಬದ ಸುತ್ತ ಬರೀ ಕೆಸರು. ನಡೆದರೆ ಹೋಗಬಹುದು, ಆದರೆ ಅವಳು ನಡೆಯಲಾರಳು. ದೋಣಿ ತಯಾರಾದಾಗ ನೀರಿರಲಿಲ್ಲ. ನೀರಿದ್ದಾಗ ದೋಣಿ ತಯಾರಿರಲಿಲ್ಲ.

ಮೇ ಕೊನೆಗೆ ಬೋರ್ಡೋ ಔಷಧಿ ಹೊಡೆಯುವ ಕಾಲ ಬಂತು. ಮಳೆ ಹಿಡಿಯುವ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯಲೇಬೇಕು, ಇಲ್ಲದಿದ್ದರೆ ಕೊಳೆ ಹಿಡಿಯುತ್ತದೆ. ನೀಲಿ ಮೈಲುತುತ್ತವನ್ನು ಒಂದು ಕಡೆ ನೀರಲ್ಲಿ ಕರಗಿಸಬೇಕು, ಸುಣ್ಣವನ್ನು ಇನ್ನೊಂದು ಕಡೆ. ಆಮೇಲೆ ಎರಡನ್ನೂ ಕೂಡಿಸಬೇಕು. ಕೂಡಿಸಿದ ಮೇಲೆ ಉಜ್ಜಿದ ಕುಡುಗೋಲನ್ನು ಅದ್ದಿ ನೋಡುತ್ತಾರೆ. ಕುಡುಗೋಲಿನ ಮೇಲೆ ಕೆಂಪು ಕೂತರೆ ತುತ್ತ ಇನ್ನೂ ಲೋಹವನ್ನು ತಿನ್ನುತ್ತಿದೆ ಎಂದರ್ಥ, ಸುಣ್ಣ ಸಾಲದು. ಎಸ್ಟೇಟಿಗೆ ಹೊಸದಾಗಿ ಬಂದ ಆಳುಗಳಿಗೆಲ್ಲ ಇದನ್ನು ಹೇಳಿಕೊಟ್ಟವನು ದೇವೀರಪ್ಪನೇ. "ತುತ್ತನ ಕಬ್ಬಿಣಕ್ಕೆ ಹಾಕ್ಬ್ಯಾಡ್ರೋ, ತಿಂದು ತೇಗ್ಬುಡ್ತದೆ" ಎಂದು ಎಷ್ಟು ಜನರನ್ನು ಬೈದಿದ್ದನೋ.

ಆ ವರ್ಷ ತುತ್ತ ನೆನೆಸುವ ಪ್ಲಾಸ್ಟಿಕ್ ಡ್ರಮ್ಮು ಬಿಸಿಲಿಗೆ ಸೀಳಿತ್ತು. ಆಕಾಶ ಕಪ್ಪಾಗುತ್ತಿತ್ತು. ಅಂಗಳದಲ್ಲಿ ದೋಣಿ ಇತ್ತು, ಅಗಲವಾಗಿ, ಚೊಕ್ಕವಾಗಿ, ಒಂದು ಹನಿ ಸೋರದ ಹಾಗೆ. ಕಬ್ಬಿಣವಂತೂ ಅಲ್ಲ. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ. ದೇವೀರಪ್ಪ ತುತ್ತದ ಚೀಲವನ್ನು ದೋಣಿಗೇ ಸುರಿದ.

ಒಂದು ದಿನದ ಕೆಲಸ ನಡುವೆ ಮಳೆ ಬಂದು ನಾಲ್ಕು ದಿನವಾಯಿತು. ನಾಲ್ಕೂ ದಿನ ನೀಲಿ ನೀರು ದೋಣಿಯಲ್ಲೇ ನಿಂತಿತ್ತು. ಖಾಲಿ ಮಾಡಿದಾಗ ತಳದಲ್ಲಿ ಅಲ್ಲಲ್ಲಿ ಕೆಂಪು ಕೂತಿತ್ತು, ಅದರ ಸುತ್ತ ಬಿಳೀ ಹಿಟ್ಟು. ಕುಡುಗೋಲಿನ ಮೇಲೆ ಕಂಡಿದ್ದರೆ ಅರ್ಧ ಕ್ಷಣದಲ್ಲಿ ಗುರುತು ಹಿಡಿಯುತ್ತಿದ್ದ ಕೆಂಪು. ದೋಣಿಯ ಮೇಲೆ ಕಂಡದ್ದಕ್ಕೆ, ಕಲೆ ಎಂದುಕೊಂಡ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿದ್ದ ಕಥೆ ಇದಲ್ಲದೆ ಇನ್ನೇನು? ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಅಂದ ಬರಲಿ ಎಂದು ಒಳಗೂ ಹೊರಗೂ ಎರಡೆರಡು ಸಲ ಸಿಲ್ವರ್ ಪೇಂಟ್ ಹೊಡೆದ. ದೋಣಿ ಹೊಸ ತಟ್ಟೆಯ ಹಾಗೆ ಮಿರಿಮಿರಿ ಮಿಂಚಿತು.

ಜುಲೈನಲ್ಲಿ ನೀರು ಏರಿತು. ಒಂದು ಸಲ ಇಳಿಸಿ ನೋಡುತ್ತೇನೆ ಎಂದು ಅವನು ಹೊರಟಾಗ ಶಿವಲೀಲಾ ಅಡ್ಡ ಬಂದಳು. ಅಕ್ಕ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದಳು, ಗಂಜಿಯೂ ಇಳಿಯುತ್ತಿರಲಿಲ್ಲ.

"ಅದು ಯಾತಕ್ಕೆ ಮಾಡಿರೋ ದೋಣಿ ಅಂತ ಊರಿಗೇ ಗೊತ್ತು. ಜೀವ ಇರೋವಾಗ್ಲೇ ನೀರಿಗಿಳಿಸ್ತೀರಾ? ಗುಂಡಿ ಮೊದ್ಲೇ ತೋಡಿಟ್ಟಂಗಾಗಲ್ವೇನ್ರೀ?"

ದೇವೀರಪ್ಪ ಹುಟ್ಟನ್ನು ಮತ್ತೆ ಗೋಡೆಗೆ ಒರಗಿಸಿದ. ಏಪ್ರಿಲ್‌ನಲ್ಲಿ ಪರೀಕ್ಷೆ ಪಾಸಾದ ದೋಣಿಗೆ ಮತ್ತೆ ಪರೀಕ್ಷೆ ಯಾಕೆ ಎಂದು ತನಗೆ ತಾನೇ ಹೇಳಿಕೊಂಡ.

ಆಗಸ್ಟ್ ಹನ್ನೆರಡರ ಬೆಳಗಿನ ಜಾವ ಜಗದಾಂಬ ತೀರಿಕೊಂಡಳು. ಶಿವ ಬೇಸಿಗೆ ಕೊಡಲಿಲ್ಲ.

ನೆಂಟರು ಬಂದರು. ಮೈ ತೊಳೆಸಿ, ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಪದ್ಮಾಸನ ಹಾಕಿಸಿ ಬಿದಿರಿನ ವಿಮಾನದಲ್ಲಿ ಕೂರಿಸಿದರು. ಸೂರ್ಯ ಮುಳುಗುವುದರೊಳಗೆ ಮಣ್ಣಾಗಬೇಕು ಎಂದರು ವಿಧಿ ಮಾಡಿಸಲು ಬಂದ ಅಯ್ನೋರು. ಗುಂಡಿ ತೋಡುವ ಆಳುಗಳು ಮುಂಚೆಯೇ ಬೋರಯ್ಯನ ತೆಪ್ಪದಲ್ಲಿ ದಿಬ್ಬಕ್ಕೆ ಹೋದರು. ಜಾಗ ತೋರಿಸಲು ನಾನೂ ಬರಲೇ ಎಂದು ದೇವೀರಪ್ಪ ಕೇಳಿದ್ದಕ್ಕೆ ಬೋರಯ್ಯ, "ಬ್ಯಾಡಿ, ನಂಗೊತ್ತೈತೆ" ಎಂದ. ಆ ಗಡಿಬಿಡಿಯಲ್ಲಿ, ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ.

ಸೋನೆ ಮಳೆಯಲ್ಲಿ ದೋಣಿಯನ್ನು ಎಂಟು ಜನ ಹೊತ್ತು ನೀರಿಗಿಳಿಸಿದರು. ಅದು ತೇಲಿತು. ಆ ಹೊತ್ತಿನಲ್ಲೂ ದೇವೀರಪ್ಪನಿಗೆ ಹೆಮ್ಮೆಯಾಯಿತು, ಹೆಮ್ಮೆಯಾದದ್ದಕ್ಕೆ ನಾಚಿಕೆಯೂ ಆಯಿತು. ವಿಮಾನವನ್ನು ನಡುವೆ ಇಟ್ಟರು. ದೊಡ್ಡಪ್ಪನ ಮಗ ತೋಟಪ್ಪ ಮುಂದೆ ಕೂತ. ಮನೆತನಕ್ಕೆಲ್ಲ ಹಿರಿಯ ಅವನು, ಮದುವೆಯಾಗಲಿ ಸಾವಾಗಲಿ ಅವನ ಮಾತೇ ಮಾತು. ದೇವೀರಪ್ಪ ಹಿಂದೆ ಕೂತು ಹುಟ್ಟು ಹಾಕಿದ. ದಡದಲ್ಲಿ ನಿಂತವರು ಶಿವ ಶಿವ ಎಂದರು.

ಐವತ್ತು ಮಾರು ಹೋಗಿರಬೇಕು. ತಳದಲ್ಲಿ ನೀರು ಕಂಡಿತು. ಮಳೆಯ ನೀರು ಎಂದುಕೊಂಡ. ಇನ್ನೊಂದು ಹತ್ತು ಮಾರಿಗೆ ಅದು ಪಾದ ಮುಚ್ಚಿತು. ಬಗ್ಗಿ ನೋಡಿದ. ಸಿಲ್ವರ್ ಪೇಂಟು ಅಲ್ಲಲ್ಲಿ ಬೊಕ್ಕೆಯ ಹಾಗೆ ಉಬ್ಬಿತ್ತು. ಒಂದನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು, ತಣ್ಣೀರು ಚಿಮ್ಮಿತು. ಪೇಂಟಿನ ಕೆಳಗೆ ಲೋಹವೇ ಇರಲಿಲ್ಲ, ಬಿಳೀ ಹಿಟ್ಟಿತ್ತು. ಒಂದಲ್ಲ, ಎರಡಲ್ಲ, ತಳವೆಲ್ಲ ಜರಡಿ.

ಆಗ ಅವನಿಗೆ ನೀಲಿ ನೀರು ನೆನಪಾಯಿತು. ಕೆಂಪು ಕಲೆ ನೆನಪಾಯಿತು. ಎಲ್ಲವೂ ಒಟ್ಟಿಗೆ ಅರ್ಥವಾಯಿತು.

"ತಿರುಗ್ಸೋ ದೇವೀರ! ಮುಳುಗೋಯ್ತೀವಿ!" ಎಂದು ತೋಟಪ್ಪ ಕೂಗಿದ.

ತಿರುಗಿಸಿದ. ಒಂದು ಕೈಯಲ್ಲಿ ತಂಬಿಗೆ ಹಿಡಿದು ತೋಟಪ್ಪ ನೀರು ಎತ್ತಿ ಎತ್ತಿ ಚೆಲ್ಲಿದ. ಮಡಿಚಿಟ್ಟ ಅಕ್ಕನ ಕಾಲಿಗೆ ನೀರು ಮುಟ್ಟಿತು, ವಿಭೂತಿ ಕರಗಿ ಹಾಲಿನ ಹಾಗೆ ತೇಲಿತು. ದಡಕ್ಕೆ ಬರುವ ಹೊತ್ತಿಗೆ ದೋಣಿಯ ಅಂಚು ನೀರಿನ ಮಟ್ಟಕ್ಕಿತ್ತು. ಜನ ಸೊಂಟದವರೆಗೆ ಇಳಿದು ವಿಮಾನವನ್ನು ಎತ್ತಿಕೊಂಡರು.

ಸೂರ್ಯ ಮುಳುಗಲು ಎರಡು ಗಂಟೆ ಉಳಿದಿತ್ತು. ಬೋರಯ್ಯ ದಿಬ್ಬದಿಂದ ತೆಪ್ಪ ತಿರುಗಿಸುತ್ತಾ ಬಂದು ದಡಕ್ಕೆ ಹಚ್ಚಿದ. ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಗುಂಡಿ ಆಗೈತೆ. ನನ್ ತೆಪ್ಪನ ತೊಳ್ದು, ಬಾಳೆ ಎಲೆ ಹಾಸ್ತೀನಿ. ಕತ್ಲೆ ಆಗೋದ್ರೊಳ್ಗೆ ಮುಟ್ಟುಸ್ಬುಡ್ಬೋದು."

"ಮೀನಿನ ತೆಪ್ಪದಾಗೆ ಲಿಂಗ ಹಿಡ್ಕಂಡಿರೋಳ್ನ ಕೂರ್ಸದಾ?" ಎಂದ ತೋಟಪ್ಪ. ಮೈಯೆಲ್ಲ ಒದ್ದೆ, ಗದಗದ ನಡುಗುತ್ತಿದ್ದ. ಆಮೇಲೆ ದನಿ ಇಳಿಸಿದ. "ನಾನು ಹೇಳೋದು ಹೇಳ್ದೆ. ನಿನ್ನ ಅಕ್ಕ, ದೇವೀರ. ನೀನು ಹೂಂ ಅಂದ್ರೆ ನಾನು ಅಡ್ಡ ಬರಲ್ಲ."

ಎಲ್ಲರೂ ದೇವೀರಪ್ಪನ ಮುಖ ನೋಡಿದರು. ಬೋರಯ್ಯನೂ ನೋಡಿದ. ಒಂದು ಅಕ್ಷರ ಸಾಕಿತ್ತು. ಕುಂಡಿಗೆ ಯಾಕೆ ಮೈಲಿಗೆ ಎಂದು ಅಕ್ಕನೇ ಅಂದಿದ್ದಳು, ಅದೂ ಅವನ ಬಾಯಿಯವರೆಗೆ ಬಂತು. ಆದರೆ ಹಿಂದೆ ಅರ್ಧ ಮುಳುಗಿದ ದೋಣಿ, ಮುಂದೆ ನಗದೆ ನಿಂತ ಊರು. ಒಂದು ವರ್ಷ ಊರಿಗೆಲ್ಲ ಪಾಠ ಹೇಳಿದವನು, ಮೀನಿನ ತೆಪ್ಪ ಬೇಡವೆಂದೇ ದೋಣಿ ಮಾಡಿದವನು, ಈಗ ಅದೇ ತೆಪ್ಪಕ್ಕೆ ಹೂಂ ಎನ್ನುವುದು ಹೇಗೆ? ಇದನ್ನು ಮಡಿ ಎಂದು ಅವನು ಆಮೇಲೆ ತನಗೇ ಹೇಳಿಕೊಂಡಿದ್ದುಂಟು. ಅದು ಮಡಿಯಲ್ಲ, ಬರೀ ನಾಚಿಕೆ.

"ಇಲ್ಲೇ ಆಗ್ಲಿ" ಎಂದ.

ದಡದ ಮೇಲಿನ ಅವನ ತೋಟದ ಅಂಚಿನಲ್ಲಿ, ಒಂದು ಹಲಸಿನ ಮರದಡಿ, ಅವಸರವಸರವಾಗಿ ಇನ್ನೊಂದು ಗುಂಡಿ ತೋಡಿ ಜಗದಾಂಬಳನ್ನು ಮಣ್ಣು ಮಾಡಿದರು. ದಿಬ್ಬದ ಗುಂಡಿಯನ್ನು ಖಾಲಿ ಬಿಡಬಾರದು, ಅದು ಮನೆಯಿಂದ ಇನ್ನೊಬ್ಬರನ್ನು ಕೇಳುತ್ತದೆ ಎಂದರು ಹಿರಿಯರು. ಬೋರಯ್ಯ ಒಂದು ಬಾಳೆದಿಂಡನ್ನು ತೆಪ್ಪದಲ್ಲಿ ಹಾಕಿಕೊಂಡು ಹೋಗಿ ಅಲ್ಲಿ ಹೂತು ಬಂದ. ಅಕ್ಕ ಹೋಗಬೇಕಾದ ಜಾಗಕ್ಕೆ ಬಾಳೆದಿಂಡು ಹೋಯಿತು.

ದೋಣಿಯನ್ನು ಯಾರೋ ಎಳೆದು ತಂದು ಅಂಗಳದಲ್ಲಿ ಮಗುಚಿ ಹಾಕಿದರು. ಕೋಳಿ ಸಾಕದ ಮನೆ, ಮೊಟ್ಟೆ ಇಡಲೂ ಅದು ಉಪಯೋಗಕ್ಕೆ ಬರಲಿಲ್ಲ. ದೇವೀರಪ್ಪ ಮತ್ತೆ ಬೆಳಿಗ್ಗೆ ಐದಕ್ಕೆದ್ದು ಬಾಗಿಲಲ್ಲಿ ಸುಮ್ಮನೆ ಕೂರತೊಡಗಿದ. ಅಲ್ಯೂಮಿನಿಯಂ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ.

ಮಾರ್ಚ್‌ನಲ್ಲಿ ನೀರು ಇಳಿಯಿತು. ಅಕ್ಕ ಹೋಗುತ್ತಿದ್ದ ಹೊತ್ತು, ಯುಗಾದಿಯ ಮುಂಚೆ. ಎರಡು ಕಲ್ಲಿಗೆ ಹೂವಿಡುವವರು ಇನ್ನು ಯಾರೂ ಇಲ್ಲವಲ್ಲ ಎಂದು ದೇವೀರಪ್ಪ ಒಂದು ಬೆಳಿಗ್ಗೆ ವಿಭೂತಿ, ಹೂವು ತೆಗೆದುಕೊಂಡು ಒಡೆದ ಕೆಸರಿನ ಮೇಲೆ ನಡೆದು ಹೋದ. ದಾರಿಯಲ್ಲಿ ಬಲೆ ಒಣಗಿಸುತ್ತಿದ್ದ ಬೋರಯ್ಯ ಏನೂ ಕೇಳದೆ ಎದ್ದು ಹಿಂದೆ ಬಂದ.

ದಿಬ್ಬದ ಮೇಲೆ ಎರಡು ಹಳೇ ಕಲ್ಲುಗಳಿದ್ದವು, ದೊಡ್ಡದೊಂದು, ಪುಟ್ಟದೊಂದು. ಅವುಗಳ ಮಗ್ಗುಲಲ್ಲಿ ಬಾಳೆದಿಂಡು ಕೊಳೆತು ಕುಸಿದ ತಗ್ಗು. ಆ ತಗ್ಗಿನ ತಲೆಯಲ್ಲಿ ಮೂರನೆಯದೊಂದು ಕಲ್ಲು. ಕರೀ ಕಲ್ಲು, ಮುಷ್ಟಿಗಿಂತ ಕೊಂಚ ದೊಡ್ಡದು, ಒಂದು ಮಗ್ಗುಲು ಸವೆದು ನುಣ್ಣಗಾದದ್ದು.

ದೇವೀರಪ್ಪನಿಗೆ ಅದನ್ನು ಗುರುತಿಸಲು ಹೊತ್ತು ಬೇಕಾಗಲಿಲ್ಲ. ಚಿಕ್ಕಂದಿನಲ್ಲಿ ಕೆಮ್ಮು ಬಂದಾಗಲೆಲ್ಲ ಆ ಕಲ್ಲಿನಲ್ಲಿ ಜಜ್ಜಿದ ಶುಂಠಿಯನ್ನೇ ಅವನು ಕುಡಿದದ್ದು.

"ಇದು ಯಾರು ತಂದ್ರು?"

ಬೋರಯ್ಯ ಬಗ್ಗಿ ಕಲ್ಲಿನ ಮೇಲಿನ ಮಣ್ಣು ಒರೆಸಿದ. "ಅವರೇ ತಂದಿದ್ದು. ಹೋದ್ ವರ್ಸ ಸಂಕ್ರಾಂತಿ ಆದ್ಮೇಲೆ, ನೀವು ರಿವೆಟ್ಟಿಗೆ ಅಂತ ಹಾಸನಕ್ಕೆ ಹೋಗಿದ್ರಲ್ಲ, ಆವಾಗ. ಮನೇಲಿ ಯಾರೂ ಇರ್ಲಿಲ್ಲ. ನನ್ನ ಹುಡುಕ್ಕಂಡು ದಡದ ತನ್ಕ ಕೂತ್ಕಂಡು ಕೂತ್ಕಂಡು ಬಂದಿದ್ರು. ಸೆರಗಲ್ಲಿ ಈ ಕಲ್ಲಿತ್ತು. ನನ್ ತೆಪ್ಪದಾಗೇ ಬಂದ್ರು. ಇಲ್ಲಿ ತಂದಿಟ್ಟು, ಇದು ನನ್ನ ಜಾಗ ಬೋರಯ್ಯ, ನೋಡ್ಕಂಬುಡು ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ರು. 'ನನ್ ತಮ್ಮ ದೋಣಿ ಮಾಡ್ತಾವ್ನೆ, ನಾನು ಆಗ್ಲೇ ಹೋಗ್ಬಂದೆ ಅಂತ ಗೊತ್ತಾದ್ರೆ ಅವನಿಗೆ ಕೆಲ್ಸಕ್ಕೆ ಕೈ ಏಳಲ್ಲ, ಮಾಡ್ಲಿ ಪಾಪ' ಅಂದ್ರು."

ದೇವೀರಪ್ಪ ತಗ್ಗಿನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಆವತ್ತು ದಡದ ಮೇಲಾದ್ರೂ ಹೇಳ್ಬೋದಿತ್ತಲ್ಲ ಮಾರಾಯ."

"ಅಷ್ಟು ಜನದ ಮುಂದೆ ನಾನು ಹೇಳಿದ್ರೆ ಸತ್ತೋರಿಗೆ ಕೆಟ್ಟ ಹೆಸ್ರು ದೇವೀರಪ್ನೋರೆ. ನೀವು ಹೂಂ ಅಂತೀರಿ ಅಂತ ಕಾಯ್ಕಂಡು ನಿಂತಿದ್ದೆ."

ದೇವೀರಪ್ಪ ಹೂವನ್ನು ಮೂರು ಪಾಲು ಮಾಡಿದ. ದೊಡ್ಡ ಕಲ್ಲಿಗೆ ಇಟ್ಟ, ಪುಟ್ಟ ಕಲ್ಲಿಗೆ ಇಟ್ಟ. ಮೂರನೆಯ ಪಾಲನ್ನು ಕೈಯಲ್ಲೇ ಹಿಡಿದುಕೊಂಡು, ಕೆಳಗೆ ಯಾರೂ ಇಲ್ಲದ ಆ ಕರೀ ಕಲ್ಲನ್ನು ನೋಡುತ್ತಾ ಕೂತಿದ್ದ. ಬಿಸಿಲು ಏರಿತು. ಬೋರಯ್ಯ ಒಂದೆರಡು ಸಲ ಕೆಮ್ಮಿ, ಆಮೇಲೆ ತನ್ನ ಬಲೆಯ ಕಡೆಗೆ ಹೊರಟುಹೋದ.